ಮೂವತ್ತೆಂಟು ಸೆಂಟಿಮೀಟರ್

ಎರಡೂ ಗಾಡಿಗಳ ಮುಖ ಒಂದೇ, ಎಂಜಿನ್ ಒಂದೇ, ಆಸನಗಳೂ ಎಂಟೆಂಟೇ. ಗಿಡ್ಡದ್ದು ಐದು ಮೀಟರ್ ಮೂವತ್ತೈದು. ಉದ್ದದ್ದು ಐದು ಮೀಟರ್ ಎಪ್ಪತ್ತಮೂರು. ನಡುವಿನ ಮೂವತ್ತೆಂಟು ಸೆಂಟಿಮೀಟರಿನಲ್ಲಿ ಬಹುಪಾಲು ಕೊನೆಯ ಸಾಲಿನ ಹಿಂದೆ, ಸಾಮಾನಿನ ಜಾಗಕ್ಕೆ ಹೋಗಿತ್ತು. ಷೋರೂಮಿನವರು ಕೊಟ್ಟ ಕಾಗದದಲ್ಲಿ ಇದೆಲ್ಲ ಇತ್ತು. ಆದರೂ ಬರ್ಜಸ್ ಜೇಬಿನಿಂದ ಟೇಪು ತೆಗೆದು ತಾನೇ ಅಳೆದ.

ಕುವೈತಿನ ಜಹ್ರಾದಲ್ಲಿ ಇಪ್ಪತ್ತೊಂದು ವರ್ಷದಿಂದ ಅವನ ಕೆಲಸವೇ ಅಳೆಯುವುದು. ಮನೆ ಮುಂದಿನ ಕಾರಿನ ಚಪ್ಪರ ರಸ್ತೆಗೆ ಎಷ್ಟು ಚಾಚಿದೆ ಎಂದು ಅಳೆದು, ಮಿತಿ ಮೀರಿದವರ ಬಾಗಿಲಿಗೆ ನೋಟಿಸ್ ಅಂಟಿಸುವ ಪೌರಸಭೆಯ ನೌಕರ. ಒಮ್ಮೆ ಸ್ವಂತ ತಮ್ಮ ಫಲಾಹನ ಚಪ್ಪರ ಇಪ್ಪತ್ತು ಸೆಂಟಿಮೀಟರ್ ಹೊರಗೆ ಬಂದಿತ್ತು. ಬರ್ಜಸ್ ನೋಟಿಸ್ ಅಂಟಿಸಿ, ಆಮೇಲೆ ಅದೇ ಬಾಗಿಲು ತಟ್ಟಿ ಒಳಗೆ ಹೋಗಿ ತಮ್ಮನ ಕೈಯಿಂದಲೇ ಕಾಫಿ ಕುಡಿದು ಬಂದಿದ್ದ. ನೆಂಟರಿಷ್ಟರು ಈ ಕಥೆ ಹೇಳಿಕೊಂಡು ಇವತ್ತಿಗೂ ನಗುತ್ತಾರೆ.

ಮನೆಯಲ್ಲಿ ಎಂಟು ಜನ: ಅವನು, ಹೆಂಡತಿ ವದ್ಹಾ, ಅವನ ತಾಯಿ, ಐದು ಮಕ್ಕಳು. ಹಿರಿಯವನು ಮಿಷಾರಿ, ಹನ್ನೆರಡು ವರ್ಷ. ಆ ಊರಲ್ಲಿ ತಂದೆಯನ್ನು ಹಿರಿಮಗನ ಹೆಸರಿಂದಲೇ ಕರೆಯುವುದರಿಂದ ಬರ್ಜಸ್ ಎಲ್ಲರ ಬಾಯಲ್ಲೂ ಬೂ ಮಿಷಾರಿ. ಹುಡುಗನಿಗೆ ಸ್ನಾಯು ಕರಗುವ ಕಾಯಿಲೆ. ನಡಿಗೆ ನಿಂತು ನಾಲ್ಕು ವರ್ಷವಾಗಿತ್ತು. ಬಾಗಿದ ಬೆನ್ನಿಗೆ ಅಚ್ಚು ತೆಗೆಸಿ ಮಾಡಿಸಿದ ಅವನ ಗಾಲಿಕುರ್ಚಿ ಮಡಿಚುವಂಥದ್ದಲ್ಲ. ನೆಲದ ಮೇಲೆ ಎಂಬತ್ತು ಸೆಂಟಿಮೀಟರ್ ಉದ್ದದ ಜಾಗ ಬೇಡುತ್ತಿತ್ತು. ಎಂಟೂ ಜನ ಕೂತ ಮೇಲೆ ಅದು ಹಿಡಿಸುವುದು ಉದ್ದದ ಗಾಡಿಯಲ್ಲಿ ಮಾತ್ರ. ಅಂಥದ್ದು ಇಲ್ಲದ್ದರಿಂದ ಪ್ರತಿ ಚಳಿಗಾಲ ಮರುಭೂಮಿಯ ಡೇರೆಗೆ ಹೋಗುವಾಗ ಕುರ್ಚಿ ಹೇರಿದ ಪಿಕಪ್ಪಿನಲ್ಲಿ ಅಪ್ಪ, ಮಗ ಇಬ್ಬರೇ. ಉಳಿದವರು ಫಲಾಹನ ಗಾಡಿಯಲ್ಲಿ. ಮಿಷಾರಿಗೆ ಒಂದೇ ಆಸೆ: ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು, ತಮ್ಮ ತಂಗಿಯರು ದಾರಿಯುದ್ದ ಆಡುವ ಜಗಳ ತಾನೂ ಕೇಳಬೇಕು. ಉದ್ದದ್ದೇ ತರುವುದೆಂದು ಬೇಸಿಗೆಯಲ್ಲೇ ಮಾತಾಗಿತ್ತು.

ಆದರೆ ಅಕ್ಟೋಬರಿನಲ್ಲಿ ಷೋರೂಮಿನಲ್ಲಿದ್ದ ಒಂದೇ ಒಂದು ಉದ್ದದ ಗಾಡಿ ಬೇರೆಯವರ ಹೆಸರಿಗೆ ಬರೆದಾಗಿತ್ತು. ಮುಂದಿನ ಹಡಗು ಫೆಬ್ರವರಿ ಕೊನೆಗೆ ಎಂದ ಮಾರಾಟಗಾರ ವಜ್ದಿ. ಈಜಿಪ್ಟಿನವನು, ಮಾತಿಗೊಂದು ತಮಾಷೆ ಸೇರಿಸುವವನು. ಒಂಬತ್ತು ತಿಂಗಳು ಕಾದು ಹೆರುತ್ತಾರೆ, ನೀವು ನಾಲ್ಕು ತಿಂಗಳು ಕಾಯಲಾರಿರಾ ಎಂದ. ಗಿಡ್ಡದ್ದಾದರೆ ಭಾನುವಾರವೇ ಒಯ್ಯಬಹುದಿತ್ತು.

ಇದಕ್ಕೆ ಒಂದು ವಾರ ಮೊದಲು ಆಸ್ಪತ್ರೆಯ ವೈದ್ಯರು ಬರ್ಜಸನನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದಿದ್ದರು. ಹೃದಯವೂ ಒಂದು ಸ್ನಾಯುವೇ ಎಂದರು. ಹೊಸ ವರ್ಷದಾಚೆಗೆ ನಾನು ಮಾತು ಕೊಡಲಾರೆ ಎಂದೂ ಹೇಳಿದರು. ಅಲ್ಲಿ ಇಂಥ ಸುದ್ದಿ ಮೊದಲು ಗಂಡಸಿನ ಕಿವಿಗೆ. ಅವನು ಅದನ್ನು ರೋಗಿಗೂ ಹೆಂಗಸರಿಗೂ ಮುಟ್ಟಿಸದೆ ಒಬ್ಬನೇ ಹೊರಬೇಕು. ಬರ್ಜಸನ ತಂದೆಯ ಕಾಯಿಲೆಯನ್ನೂ ಹೀಗೆಯೇ ಹನ್ನೊಂದು ತಿಂಗಳು ಮುಚ್ಚಿಟ್ಟಿದ್ದರು.

ಬರ್ಜಸ್ ಗಿಡ್ಡದ್ದಕ್ಕೆ ಒಪ್ಪಿ ಮನೆಗೆ ಬಂದ.

ಅಂಗಳದ ಜಮಖಾನದ ಮೇಲೆ ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ತಾಯಿ ಸುದ್ದಿ ಕೇಳಿದ ಕೂಡಲೇ, "ಒಂಟೆ ತರ್ತೀನಿ ಅಂತ ಹೋದೋನು ಆಡು ಹಿಡ್ಕೊಂಡು ಬಂದ," ಎಂದಳು. "ಅದರ ಬೆನ್ನ ಮೇಲೆ ನನ್ನನ್ನ ಕೂರಿಸ್ತೀಯೋ, ಮಗುವಿನ ಕುರ್ಚಿ ಇಡ್ತೀಯೋ?"

ವದ್ಹಾ ನಗಲಿಲ್ಲ. ಕುರ್ಚಿ ಎಲ್ಲಿ ಹಿಡಿಸುತ್ತದೆ ಎಂದು ಕೇಳಿದಳು. ಅವನು ದಾರಿಯಲ್ಲೇ ಹೊಂದಿಸಿಕೊಂಡಿದ್ದ ಉತ್ತರ ಹೇಳಿದ: ಉದ್ದದ ಗಾಡಿ ನಮ್ಮ ಚಪ್ಪರದ ಕೆಳಗೆ ನಿಲ್ಲುವುದಿಲ್ಲ, ಚಪ್ಪರ ಐದು ಅರವತ್ತು, ಹದಿಮೂರು ಸೆಂಟಿಮೀಟರ್ ಕಮ್ಮಿ ಬೀಳುತ್ತದೆ, ಮೂತಿ ರಸ್ತೆಗೆ ಚಾಚುತ್ತದೆ. ಅಂಕಿ ಹೇಳಿದರೆ ಆ ಮನೆಯಲ್ಲಿ ಮರುಪ್ರಶ್ನೆ ಇರಲಿಲ್ಲ. ಒಳಗೆ ಕಿಟಕಿಯ ಬಳಿ ಕೂತಿದ್ದ ಮಿಷಾರಿಗೆ ಎಲ್ಲ ಕೇಳಿಸಿತ್ತು. ಪರವಾಗಿಲ್ಲ, ನಾನು ಪಿಕಪ್ಪಿನಲ್ಲೇ ಬರುತ್ತೇನೆ ಎಂದು ಅಲ್ಲಿಂದಲೇ ಹೇಳಿದ.

ಆ ಮಾತು ವದ್ಹಾಳನ್ನು ಕುಟುಕುತ್ತಲೇ ಇದ್ದಿರಬೇಕು. ಮಾರನೆಯ ದಿನ ಸಂಜೆಯ ನಮಾಜು ಮುಗಿಸಿ ಬರ್ಜಸ್ ಬಂದಾಗ ಅವಳು ಚಪ್ಪರದ ಕೆಳಗಿದ್ದಳು. ಅವನದೇ ಟೇಪು. ಒಂದು ತುದಿಯನ್ನು ಮೆಟ್ಟಿಲ ಬಳಿ ಅವಳು ಬಿಚ್ಚಿಟ್ಟ ಚಪ್ಪಲಿ ಅದುಮಿ ಹಿಡಿದಿತ್ತು. ಇನ್ನೊಂದು ಗೇಟಿನ ಬಳಿ ಅವಳ ಕೈಯಲ್ಲಿತ್ತು.

"ಆರು ಇಪ್ಪತ್ತು," ಎಂದಳು.

ಗೇಟು ತೆರೆಯೋದಕ್ಕೆ ಜಾಗ ಬಿಡಬೇಕಲ್ಲ ಎಂದು ಅವನು ಶುರು ಮಾಡಿದ. ಗೇಟು ಪಕ್ಕಕ್ಕೆ ಸರಿಯುವಂಥದ್ದು. ಅದು ಅವನಿಗೂ ಗೊತ್ತಿತ್ತು.

"ಬೂ ಮಿಷಾರಿ, ಇಪ್ಪತ್ತು ಸೆಂಟಿಮೀಟರಿಗೆ ಒಡಹುಟ್ಟಿದ ತಮ್ಮನ ಬಾಗಿಲಿಗೆ ಕಾಗದ ಅಂಟಿಸಿದೋರು ನೀವು. ಸ್ವಂತ ಚಪ್ಪರ ಅರವತ್ತು ತಪ್ಪಿ ಹೇಳಿದ್ರಿ ಅಂದ್ರೆ ನಾನು ನಂಬಬೇಕಾ?"

ಅವನು ಗಾಲಿಕುರ್ಚಿ ಓಡಾಡಿ ನೆಲದ ಟೈಲಿನ ಮೇಲೆ ಬಿದ್ದಿದ್ದ ಗೆರೆ ನೋಡುತ್ತ ನಿಂತ.

"ಉದ್ದದ್ದು ಯಾವಾಗ ಬರುತ್ತೆ?"

"ಫೆಬ್ರವರಿ ಕೊನೆಗೆ."

"ಗಿಡ್ಡದ್ದು?"

"ಭಾನುವಾರ."

ವದ್ಹಾ ನಿಧಾನವಾಗಿ ಟೇಪು ಸುತ್ತಿ ಅವನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಹಾಕಿಕೊಳ್ಳಲಿಲ್ಲ.

"ಅವನಿಗೆ ಗೊತ್ತಾ?"

"ಇಲ್ಲ."

"ಅತ್ತೆಗೆ?"

"ಇಲ್ಲ."

"ಹಾಗಾದ್ರೆ ನಂಗೂ ಗೊತ್ತಿಲ್ಲ," ಎಂದಳು.

ಮುಂದಿನದನ್ನೆಲ್ಲ ಗೊತ್ತು ಮಾಡಿದವಳು ಅವಳೇ. ಉದ್ದದ ಗಾಡಿಗೂ ಹೆಸರು ಬರೆಸಬೇಕು. ಅದು ಬರುವ ತನಕ ಮಾತ್ರ ಈ ಗಿಡ್ಡದ್ದು ಎಂದು ಮಗನಿಗೆ ಹೇಳಬೇಕು. ಉದ್ದದ್ದರ ಬಣ್ಣ ಅವನೇ ಆರಿಸಲಿ. ಡೇರೆಗೆ ಹೋಗುವಾಗ ಕುರ್ಚಿ ಮನೆಯಲ್ಲೇ ಇರಲಿ, ಅವನನ್ನು ನಾನು ಎತ್ತಿಕೊಳ್ಳುತ್ತೇನೆ. ಮಿಷಾರಿಯ ತೂಕ ಆಗ ಇಪ್ಪತ್ತನಾಲ್ಕು ಕಿಲೋ. ಏಳು ವರ್ಷದ ತಂಗಿ ಅವನಿಗಿಂತ ಒಂದು ಕಿಲೋ ಹೆಚ್ಚೇ ಇದ್ದಳು.

ಮಿಷಾರಿ ಬಿಳಿ ಬೇಡ ಎಂದ. ಜಹ್ರಾದಲ್ಲಿ ಎಲ್ಲರದ್ದೂ ಬಿಳಿಯೇ. ಮರಳಿನ ಬಣ್ಣದ್ದು ಬರೆಸಿದರು. ಹಡಗು ಯಾವ ಬಂದರು ಬಿಟ್ಟಿತು ಎಂದು ಅವನು ದಿನಾ ಕೇಳುತ್ತಿದ್ದ. ಬರ್ಜಸ್ ದಿನಾ ಒಂದು ಬಂದರಿನ ಹೆಸರು ಹೇಳುತ್ತಿದ್ದ. ಹೇಳಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ, ನಾಳೆ ಹಿಂದಿನ ಬಂದರು ಹೇಳಿ ಸಿಕ್ಕಿಬೀಳಬಾರದಲ್ಲ.

ಡೇರೆಗೆ ನವೆಂಬರಿನಲ್ಲಿ ಮೂರು ಸಲ, ಡಿಸೆಂಬರಿನಲ್ಲಿ ಎರಡು ಸಲ ಹೋದರು. ಮಧ್ಯದ ಸಾಲಿನಲ್ಲಿ ವದ್ಹಾ ಮಗನನ್ನು ಎದೆಗೊರಗಿಸಿ ಹಿಡಿದು ಕೂರುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕಿಟಕಿಗಾಗಿ, ಕಡಲೆಯ ಪೊಟ್ಟಣಕ್ಕಾಗಿ ಗುದ್ದಾಟ. ಸದ್ದಡಗಿದರೆ ಮಿಷಾರಿ, "ಯಾಕ್ರೋ, ರಾಜಿ ಆಯ್ತಾ?" ಎಂದು ಕೆಣಕುತ್ತಿದ್ದ. ಮತ್ತೆ ಶುರುವಾಗುತ್ತಿತ್ತು. ಮುಂದಿನ ಸೀಟಿನಿಂದ ಅಜ್ಜಿ ಈ ಆಡಿನ ಹೊಟ್ಟೆಯಲ್ಲಿ ಏಳು ನರಿಗಳಿವೆ ಎಂದು ಗೊಣಗುತ್ತಿದ್ದಳು. ಕೊನೆಯ ಸಲ ಅರ್ಧ ದಾರಿಯಲ್ಲೇ ಮಿಷಾರಿಯ ತುಟಿ ನೀಲಿಗಟ್ಟಿತು. ಬರ್ಜಸ್ ಗಾಡಿ ತಿರುಗಿಸಿದ.

ಜನವರಿ ಒಂಬತ್ತರಂದು ಆಸ್ಪತ್ರೆಯಲ್ಲಿ ಮಿಷಾರಿ ತೀರಿಕೊಂಡ. ಅಂದೇ ಮಧ್ಯಾಹ್ನ ಮಣ್ಣು ಮಾಡಿದರು.

ಗಾಲಿಕುರ್ಚಿಯನ್ನು ಯಾರೂ ಎತ್ತಿಡಲಿಲ್ಲ. ಅದು ಚಪ್ಪರದ ಕೆಳಗೆ, ಗಾಡಿಗೂ ಮೆಟ್ಟಿಲಿಗೂ ನಡುವೆ ನಿಂತಿತ್ತು. ಆರು ಇಪ್ಪತ್ತರಲ್ಲಿ ಐದು ಮೂವತ್ತೈದು ಕಳೆದರೆ ಎಂಬತ್ತೈದು ಸೆಂಟಿಮೀಟರ್. ಕುರ್ಚಿ ಅಲ್ಲಿ ಸರಿಯಾಗಿ ಹಿಡಿಸುತ್ತಿತ್ತು.

ಹಡಗು ನಾಲ್ಕು ದಿನ ಮೊದಲೇ ಬಂತು. ವಜ್ದಿ ಫೋನು ಮಾಡಿದಾಗ ಬರ್ಜಸ್ ಊಟಕ್ಕೆ ಕೂತಿದ್ದ. ಎದುರಿಗೆ ವದ್ಹಾ ಮಕ್ಕಳಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ಬೂ ಮಿಷಾರಿ, ಮರಳಿನ ಬಣ್ಣ, ಒಂದು ಗೀರಿಲ್ಲ, ಹುಡುಗನನ್ನೂ ಕರೆದುಕೊಂಡು ಬನ್ನಿ ಎಂದ ವಜ್ದಿ. ಅವನಿಗೆ ಗೊತ್ತಿರಲಿಲ್ಲ. ಸರದಿಯಲ್ಲಿ ನನ್ನ ಹಿಂದಿರುವವರಿಗೆ ಕೊಟ್ಟುಬಿಡಿ ಎಂದ ಬರ್ಜಸ್.

ವಜ್ದಿ ಬಿಡಲಿಲ್ಲ: "ಅಷ್ಟು ದಿನ ಕಾದು ಈಗ ಬೇಡ ಅಂದ್ರೆ? ಏನಾಯ್ತು ಸಾರ್?"

"ನಮ್ಮ ಚಪ್ಪರ ಸಾಲಲ್ಲ."

ವದ್ಹಾಳ ಕೈ ತಟ್ಟೆಯ ಮೇಲೆ ನಿಂತಿತು.

ವಜ್ದಿ ನಕ್ಕ. ಬೇರೆಯವರ ಚಪ್ಪರ ಅಳೆಯುವವರ ಮನೆಯಲ್ಲೇ ಹೀಗಾ ಎಂದ. ಎಷ್ಟು ಕಮ್ಮಿ ಬೀಳುತ್ತೆ, ಏನಾದರೂ ಉಪಾಯ ಮಾಡೋಣ ಎಂದ.

"ಹದಿಮೂರು ಸೆಂಟಿಮೀಟರ್," ಎಂದ ಬರ್ಜಸ್.

ವದ್ಹಾ ಮುಂದಿನ ತುಂಡು ಕೈಗೆತ್ತಿಕೊಂಡು ಮುಳ್ಳು ಹುಡುಕತೊಡಗಿದಳು.