ಬಾಯಿತಪ್ಪಿದ ಮಾತು

ಬಲ್ಗೇರಿಯದ ರಾಜಧಾನಿ ಸೋಫಿಯಾದ ಸಿನಿಮಾ ಕಲಿಸುವ ಸಂಸ್ಥೆಯಲ್ಲಿ ಪರದೇಶದ ಚಿತ್ರ ತೋರಿಸುವ ಸಂಜೆಗಳಲ್ಲಿ ಹಿಂಬದಿಯ ಗಾಜಿನ ಗೂಡಿನೊಳಗೆ ಮೈಕು ಹಿಡಿದು ಕೂರುತ್ತಿದ್ದವಳು ನೆದ್ಯಾಲ್ಕಾ. ತೆರೆಯ ಮೇಲೆ ಫ್ರೆಂಚರು ಆಡಿದ ಮಾತನ್ನು ಆ ಕ್ಷಣವೇ ಬಲ್ಗೇರಿಯನ್ನಿಗೆ ತಿರುಗಿಸಿ ಸಭಾಂಗಣಕ್ಕೆ ಹೇಳುವುದು ಅವಳ ಕೆಲಸ. ಗಂಡಸು, ಹೆಂಗಸು, ಮಗು, ಪೋಲೀಸು, ಎಲ್ಲರೂ ಅವಳೊಬ್ಬಳ ದನಿಯಲ್ಲೇ ಮಾತಾಡುತ್ತಿದ್ದರು. ವಿದ್ಯಾರ್ಥಿಗಳಿಗೆ ಅವಳ ಮುಖ ಗೊತ್ತಿರಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ಅವಳು ಬಾಯಿ ತೆರೆದರೆ ಮಾತ್ರ ತಿರುಗಿ ನೋಡುತ್ತಿದ್ದರು.

ಮುಖ ಗೊತ್ತಿಲ್ಲದಿರುವುದೇ ಅವಳಿಗೂ ಬೇಕಿತ್ತು. ಅವಳು ಹುಟ್ಟಿದ್ದು ದಕ್ಷಿಣದ ಬೆಟ್ಟಗಳ ನಡುವೆ ಹೊಗೆಸೊಪ್ಪು ಬೆಳೆಯುವ ಹಳ್ಳಿಯಲ್ಲಿ, ತುರ್ಕಿ ಮಾತಿನ ಮನೆಯಲ್ಲಿ. ಅಲ್ಲಿ ಅವಳು ನಾಜ್ಮಿಯೆ. ಓದಲು ರಾಜಧಾನಿಗೆ ಬಂದವಳು ಇಲ್ಲಿಯವನನ್ನೇ ಮದುವೆಯಾಗಿ ಹೆಸರು ಬದಲಿಸಿಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ ಹಳೆಯ ಹೆಸರು ಬಲ್ಲವರು ನಗರದಲ್ಲಿ ಯಾರೂ ಉಳಿದಿರಲಿಲ್ಲ. ಸರಕಾರಿ ಕಡತದಲ್ಲಿ ಹುಡುಕಿದರೆ ಸಿಕ್ಕೀತು. ಹುಡುಕಲು ಯಾರಿಗೂ ಕಾರಣ ಕೊಡಬಾರದು, ಅಷ್ಟೆ.

ಅದು ಎಂಬತ್ತೈದರ ಜನವರಿ. ಸೈನಿಕರು ದಕ್ಷಿಣದ ಹಳ್ಳಿಗಳನ್ನು ಸುತ್ತುವರಿದಿದ್ದಾರೆ, ತುರ್ಕರ ಹೆಸರುಗಳನ್ನೆಲ್ಲ ಕಿತ್ತು ಬೇರೆ ಹೆಸರು ಹಚ್ಚುತ್ತಿದ್ದಾರೆ, ಬೀದಿಯಲ್ಲಿ ಆ ಭಾಷೆ ಆಡಿದರೆ ದಂಡ, ಎದುರುಬಿದ್ದವರನ್ನು ಲಾರಿಗೆ ತುಂಬುತ್ತಾರೆ ಎಂಬ ಸುದ್ದಿ ಟ್ರಾಮುಗಳಲ್ಲಿ ಪಿಸುಮಾತಾಗಿ ಓಡಾಡುತ್ತಿತ್ತು. ಪತ್ರಿಕೆಯಲ್ಲಿ ಒಂದಕ್ಷರವಿಲ್ಲ. ಹಳ್ಳಿಯ ಫೋನು ಸತ್ತಿತ್ತು. ತಾಯಿ ಹಾನಿಫೆ ಇದ್ದಾಳೋ ಇಲ್ಲವೋ ತಿಳಿಯದು. ನೆದ್ಯಾಲ್ಕಾ ಯಾರನ್ನು ಕೇಳಿಯಾಳು? ಕೇಳಿದರೆ ತಾನು ಯಾರೆಂದು ಹೇಳಿಕೊಂಡಂತೆಯೇ.

ಆ ಶುಕ್ರವಾರದ ಚಿತ್ರ ಫ್ರಾನ್ಸಿನಿಂದ ಮಧ್ಯಾಹ್ನವಷ್ಟೇ ಬಂದಿಳಿದಿತ್ತು. ಯಾರೋ ಸ್ನೇಹಿತರು ಕೈಯಿಂದ ದುಡ್ಡು ಹಾಕಿ ಮಾಡಿದ ಸಣ್ಣ ಚಿತ್ರ. ಮೊದಲೇ ನೋಡಿಕೊಳ್ಳಲು ಪುರುಸೊತ್ತಾಗಲಿಲ್ಲ. ಪ್ರದರ್ಶನಗಳ ಹೊಣೆ ಹೊತ್ತ ಮುದುಕ ಲ್ಯುಬೆನ್ ಗಾಜಿನ ಬಳಿ ಬಂದು, ಮೂರನೇ ಸಾಲಿನಲ್ಲಿ ಪಕ್ಷದ ಸಮಿತಿಯ ಗೆರ್ಗಿನೋವ್ ಕೂತಿದ್ದಾನೆ, ಸ್ವಲ್ಪ ನೋಡಿಕೋ ಎಂದು ಕಿವಿಯಲ್ಲಿ ಹೇಳಿ ಹೋದ. ಗೆರ್ಗಿನೋವ್ ಸಿನಿಮಾ ನೋಡಲು ಬರುವವನಲ್ಲ, ನೋಡುವವರನ್ನು ನೋಡಲು ಬರುವವನು.

ಕಲ್ಲಿದ್ದಲಿನ ಊರೊಂದರ ಕತೆ. ನೆದ್ಯಾಲ್ಕಾಗೆ ಹಿಡಿತ ಸಿಕ್ಕಿತು. ಮಾತು ಕಿವಿಗೆ ಬೀಳುವುದಕ್ಕೂ ಬಾಯಿಗೆ ಬರುವುದಕ್ಕೂ ನಡುವೆ ಉಸಿರಷ್ಟೂ ಅಂತರವಿರಲಿಲ್ಲ. ತೆರೆಯ ಮೇಲೆ ಒಂದು ಅಡುಗೆಮನೆ ಬಂತು. ತಲೆಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ಮೊಮ್ಮಗನ ಮುಂದೆ ತಟ್ಟೆ ಇಟ್ಟು ಗದರಿದಳು. ನೆದ್ಯಾಲ್ಕಾ ಮೈಕಿನಲ್ಲಿ ಹೇಳಿದಳು:

"ತಿನ್ನೋ ಕುರಿಮರಿ, ಹಸ್ಕೊಂಡ್ ಮಲಗಿದ್ರೆ ಕನಸಲ್ಲಿ ತೋಳ ಬರುತ್ತೆ."

ಸಭಾಂಗಣ ಮೆಲ್ಲನೆ ನಕ್ಕಿತು. ಆಗ ಅವಳಿಗೆ ಹೊಳೆಯಿತು, ಮುದುಕಿ ಆಡಿದ್ದು ಫ್ರೆಂಚ್ ಅಲ್ಲ, ತುರ್ಕಿ.

ತೆರೆಯ ಕೆಳಗೆ ಫ್ರೆಂಚ್ ಅನುವಾದದ ಸಾಲುಗಳೂ ಇರಲಿಲ್ಲ. ಹುಡುಗನಂತೆಯೇ ನೋಡುವವರಿಗೂ ಅಜ್ಜಿಯ ಮಾತು ಅರ್ಥವಾಗಬಾರದೆಂದು ಚಿತ್ರ ಮಾಡಿದವರು ಹಾಗೇ ಬಿಟ್ಟಿದ್ದರು. ಮುದುಕಿ ಮಾತು ಮುಂದುವರಿಸಿದಳು. ನೆದ್ಯಾಲ್ಕಾ ಮೈಕಿನಿಂದ ಮುಖ ಸರಿಸಿದಳು. ಮೂರನೇ ಸಾಲಿನಲ್ಲಿ ಒಂದು ತಲೆ ನಿಧಾನವಾಗಿ ಹಿಂದಕ್ಕೆ ತಿರುಗಿತು. ತೆರೆಯ ಬೆಳಕಿಗೆ ಬೆನ್ನಾದ್ದರಿಂದ ಮುಖ ಕಾಣಲಿಲ್ಲ, ಕನ್ನಡಕದ ಅಂಚು ಮಾತ್ರ ಹೊಳೆಯಿತು. ಅದು ಮತ್ತೆ ಮುಂದಕ್ಕೆ ತಿರುಗಲೇ ಇಲ್ಲ. ಆ ದೃಶ್ಯ ಮುಗಿಯುವ ತನಕ ಅವಳು ಬಾಯಿ ಬಿಡಲಿಲ್ಲ. ಆಮೇಲಿನದನ್ನು ಹೇಗೆ ಹೇಳಿ ಮುಗಿಸಿದಳೋ ಅವಳಿಗೇ ತಿಳಿಯದು.

ದೀಪ ಹತ್ತಿದ ಮೇಲೆ ಗೆರ್ಗಿನೋವ್ ಲ್ಯುಬೆನ್‌ನ ಕೋಣೆಗೆ ಬಂದ. ನೆದ್ಯಾಲ್ಕಾಳನ್ನೂ ಕರೆಸಿದರು. ಲ್ಯುಬೆನ್ ಬ್ರಾಂದಿ ಸುರಿದ. ಗೆರ್ಗಿನೋವ್ ಚಿತ್ರವನ್ನು ಹೊಗಳಿದ, ಛಾಯಾಗ್ರಹಣವನ್ನು ಹೊಗಳಿದ, ಆಮೇಲೆ ಬೆಕ್ಕು ಇಲಿಗೆ ದಾರಿ ಬಿಟ್ಟಷ್ಟು ಮೆತ್ತಗೆ ಕೇಳಿದ:

"ಆ ಅಜ್ಜಿ ಮಾತು ನಿಮಗೆ ಹೆಂಗ್ ತಿಳೀತು, ಕಾಮ್ರೇಡ್?"

"ಊಹೆ ಮಾಡ್ದೆ. ಊಟ ಮಾಡದ ಮಗೂಗೆ ಅಜ್ಜಿ ಇನ್ನೇನ್ ಹೇಳ್ತಾಳೆ?"

"ತೋಳ ಬೇರೆ ಬಂತಲ್ಲ."

ಲ್ಯುಬೆನ್ ಗಂಟಲು ಸರಿಮಾಡಿಕೊಂಡು, ಆ ಸಾಲು ಫ್ರೆಂಚರು ಕಳಿಸಿದ ಸಾರಾಂಶದಲ್ಲಿತ್ತು, ತಾನೇ ಮಧ್ಯಾಹ್ನ ಓದಿ ಹೇಳಿದ್ದೆ, ವಯಸ್ಸಾಯಿತು ನೋಡಿ, ಹಾಳೆ ಎಲ್ಲಿಟ್ಟೆನೋ ಮರೆತೆ ಎಂದ. ಸಾರಾಂಶ ಬಂದೇ ಇರಲಿಲ್ಲ.

ಗೆರ್ಗಿನೋವ್ ತಲೆಯಾಡಿಸಿದ. ಕೋಟು ತೊಟ್ಟ. ಬಾಗಿಲ ಬಳಿ ನಿಂತು ಕೈಗವಸಿಗೆ ಬೆರಳು ತೂರಿಸುತ್ತ, ಅವಳ ಮುಖದಿಂದ ಕಣ್ಣು ಕೀಳದೆ, ಅಚ್ಚ ತುರ್ಕಿಯಲ್ಲಿ ಹೇಳಿದ:

"ನಿಮ್ಮಮ್ಮ ತೀರ್ಕೊಂಡ್ರು. ನಿನ್ನೆ ಮಣ್ಣು ಮಾಡಿದ್ರು."

ಮೇಜಿನ ಕೆಳಗೆ ಅವಳ ಉಗುರು ಅಂಗೈಗೆ ನಾಟಿತು. ರೆಪ್ಪೆ ಅಲುಗಿದರೂ ಮುಗಿಯಿತು. ಅವಳು ಕಿವುಡಿಯಂತೆ ಕತ್ತು ವಾಲಿಸಿ ಬಲ್ಗೇರಿಯನ್ನಿನಲ್ಲಿ ಕೇಳಿದಳು:

"ಏನಂದ್ರಿ? ಕೇಳಿಸ್ಲಿಲ್ಲ."

"ಏನಿಲ್ಲ. ಜಾರುತ್ತೆ, ನೋಡ್ಕೊಂಡು ಹೋಗಿ ಅಂದೆ."

ಮನೆಗೆ ಹೋಗಿ ದೀಪ ಹಚ್ಚದೆ ಕೂತಳು. ಅದು ಬರೀ ಬಲೆ, ಯಾರಿಗೆ ಬೇಕಾದರೂ ಎಸೆಯುವ ಬಲೆ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಕಡತ ನೋಡಿಯೇ ಬಂದಿದ್ದರೆ? ಆ ಬೆಟ್ಟಗಳಲ್ಲಿ ಜನ ಸಾಯುತ್ತಿದ್ದುದಂತೂ ಸುಳ್ಳಲ್ಲ. ಅಳಬೇಕೋ ಬೇಡವೋ ಎಂಬುದೂ ಗೊತ್ತಾಗದಂಥ ಹೊತ್ತು ಅದು. ಬೆಳಗಾದೊಡನೆ ದಕ್ಷಿಣದ ಬಸ್ಸು ಹತ್ತಿದಳು. ಯಾರೋ ಹಿಂದೆ ಬರುತ್ತಿದ್ದಾರೆಂದು ಪ್ರತಿ ನಿಲ್ದಾಣದಲ್ಲೂ ಅನಿಸಿತು. ಇಳಿಯಲಿಲ್ಲ.

ಹಳ್ಳಿಯ ತಿರುವಿನಲ್ಲಿ ಹಿಮದ ಮೇಲೆ ಅಡ್ಡಗೋಲು, ಅದರ ಹಿಂದೆ ಸೈನ್ಯದ ಲಾರಿ. ಹೊಟ್ಟೆ ಬಿಟ್ಟ ಸಾರ್ಜೆಂಟೊಬ್ಬ ಅವಳ ಗುರುತಿನ ಪುಸ್ತಕ ಕೈಗೆ ತೆಗೆದುಕೊಂಡು ಯಾರನ್ನು ನೋಡಬೇಕೆಂದು ಕೇಳಿದ. ಹಿಂದಿರುಗಲು ಇನ್ನೂ ಅವಕಾಶವಿತ್ತು.

"ನನ್ನಮ್ಮನ್ನ," ಎಂದಳು.

ಹೆಸರು ಕೇಳಿದ. ಹಾನಿಫೆ ಎಂದಳು.

"ಆ ಹೆಸರಿನೋರು ಈ ಊರಲ್ಲಿಲ್ಲ," ಎಂದು ಅವನು ಕಲಿತ ಪಾಠ ಒಪ್ಪಿಸಿದ.

ಹೊಸ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹೆತ್ತವಳನ್ನು ಕೇಳಲು ಬಾಯಲ್ಲಿ ಹೆಸರಿಲ್ಲದೆ, ಮಸೀದಿಯ ಹಿಂದಿನ ನೀಲಿ ಬಾಗಿಲ ಮನೆ, ಎಡಗಾಲು ಎಳೆದು ನಡೆಯುತ್ತಾಳೆ ಎಂದು ತೊದಲಿದಳು. ಸಾರ್ಜೆಂಟ್ ಲಾರಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಕುಂಟಜ್ಜೀನಾ? ಗಟ್ಟಿಯಾಗವ್ಳೆ ಬಿಡವ್ವಾ. ಮೊನ್ನೆ ನಮ್ ಲೆಫ್ಟಿನೆಂಟ್‌ಗೆ ಪೊರಕೇಲಿ ಬಾರಿಸಿದ್ಲು."

ನೆದ್ಯಾಲ್ಕಾ ಹಿಮದ ಮೇಲೇ ಕೂತುಬಿಟ್ಟಳು. ಒಳಗೆ ಬಿಡಲು ಅವನಿಗೆ ಅಧಿಕಾರವಿರಲಿಲ್ಲ. ಅವಳ ಹೆಸರು ಬರೆದುಕೊಳ್ಳದೆ ಬಿಡುವ ಧೈರ್ಯವೂ ಇರಲಿಲ್ಲ. ಬರೆದುಕೊಂಡ.

ವಾರ ಕಳೆಯುವುದರೊಳಗೆ ಗಾಜಿನ ಗೂಡಿನಲ್ಲಿ ಬೇರೊಬ್ಬಳು ಕೂತಿದ್ದಳು. ಲ್ಯುಬೆನ್‌ನನ್ನು ಕರೆಸಿ ಇಡೀ ದಿನ ವಿಚಾರಿಸಿದರಂತೆ. ಸಾರಾಂಶ ಬಂದಿತ್ತೆಂಬ ಮಾತನ್ನು ಮುದುಕ ಕೊನೆಗೂ ಬಿಡಲಿಲ್ಲ; ಅವನನ್ನು ಅವಧಿಗೆ ಮುಂಚೆಯೇ ನಿವೃತ್ತಿ ಮಾಡಿಸಿದರು. ಅವಳಿಗೆ ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ತೋರಿಸಿದರು.

ವಸಂತದಲ್ಲಿ ಅಡ್ಡಗೋಲು ತೆಗೆದರು. ಅವಳು ಹಳ್ಳಿಗೆ ಹೋದಾಗ ತಾಯಿ ಮೊದಲು ಬಾಗಿಲಿಗೆ ಅಗುಳಿ ಹಾಕಿ, ಪರದೆ ಎಳೆದು, ಆಮೇಲೆ ತಬ್ಬಿಕೊಂಡಳು. ಪಂಚಾಯಿತಿಯವರು ಪಿಂಚಣಿ ಕೊಡುವಾಗ ಹೊಸ ಹೆಸರನ್ನು ಬಾಯಿಬಿಟ್ಟು ಹೇಳಿಸುತ್ತಾರೆ, ತಪ್ಪಿದರೆ ಬರಿಗೈ. ಹೆಸರೋ, ನಾಲಿಗೆ ಹೊರಳದ್ದು ಎಂದಳು.

"ಸ್ವೆತ್ಲೋಜಾರಾ," ಎಂದು ಹೊಸ ಗುರುತಿನ ಪುಸ್ತಕ ನೋಡಿ ಹೇಳಿಕೊಟ್ಟಳು ಮಗಳು, ಮೆಲ್ಲಗೆ.

"ಸೆಟ್ಲಜಾರ."

"ಸ್ವೆತ್, ಅಮ್ಮಾ. ಸ್ವೆತ್."

ಹೊರಗೆ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಸಪ್ಪಳ ಬಾಗಿಲ ಬಳಿ ನಿಂತಿತು, ಆಮೇಲೆ ದೂರವಾಯಿತು. ತಾಯಿ ಇನ್ನೂ ಸ್ವಲ್ಪ ಹೊತ್ತು ಕಾದು, ತುಟಿ ಒದ್ದೆ ಮಾಡಿಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು.