ಹನ್ನೊಂದು ಚಾಪೆಗೆ ಜಾಗ

ಒಣಗಿಯೂ ಒಣಗದ ಕಂದು ಬಣ್ಣದ ವಾಸನೆ. ಪ್ರತಿ ಆಗಸ್ಟಿನಲ್ಲಿ ಶಾಲೆಯ ಮರದ ನೆಲಕ್ಕೆ ಆ ಬಣ್ಣ ಬಳಿಯುತ್ತಿದ್ದರು. ಸೆಪ್ಟೆಂಬರ್ ಒಂದರಂದು ಜಡೆಗೆ ಬಿಳಿ ಟೇಪು ಕಟ್ಟಿಕೊಂಡು ಹೋದರೆ ಕಣ್ಣು ಚುರುಗುಟ್ಟುತ್ತಿತ್ತು. ಮಧ್ಯಾಹ್ನ ತಿಂದ ರೊಟ್ಟಿಗೂ ಅದೇ ರುಚಿ. ಅಕ್ಟೋಬರಿನ ಆ ಮಂಗಳವಾರ ಸರೋವರದ ದಡದ ಬಾಲಿಕ್ಚಿ ಊರಿನ ಅದೇ ಶಾಲೆಯಲ್ಲಿ, ಮುಖ್ಯೋಪಾಧ್ಯಾಯಿನಿಯ ಎದುರು ಕೂತಾಗ ಆ ವಾಸನೆ ಮತ್ತೆ ಮೂಗಿಗೆ ಅಡರಿತು. ಐವತ್ತೆರಡು ವರ್ಷದ ಬುರುಲ್ ಲೆಕ್ಕ ತಪ್ಪು ಮಾಡಿದ ಹುಡುಗಿಯಂತೆ ಕೈ ಕಟ್ಟಿಕೊಂಡಳು.

"ಬಾಗಿಲ ಗಾಜಿಂದ ಕಣ್ಣಾರೆ ನೋಡ್ದೆ, ಬುರುಲ್," ಎಂದಳು ಮುಖ್ಯೋಪಾಧ್ಯಾಯಿನಿ ದಿಲ್ದೆ. "ಹತ್ತು ಜನ ಹೆಂಗಸ್ರು ಸಾಲಾಗಿ ನೆಲದ್ ಮೇಲೆ ಕೂತು, ಕೈ ಎತ್ತಿ ಆಮೀನ್ ಅಂತಿದ್ರಿ. ನನ್ ಶಾಲೇಲಿ! ಬೆನ್ನುನೋವಿಗೆ ಯೋಗ ಹೇಳ್ಕೊಡ್ತೀನಿ ಅಂತ ತಾನೇ ನೀನು ವ್ಯಾಯಾಮದ ಕೋಣೆ ಕೇಳಿದ್ದು?"

"ಅದು ಯೋಗಾನೇ, ಎಜೆ," ಎಂದಳು ಬುರುಲ್, ಅಕ್ಕ ಎಂದು ಕರೆಯುವ ಗೌರವದಲ್ಲಿ. " ಕೊನೇಲಿ ಮಾಡಿದ್ದು ಬರೀ ಅಭ್ಯಾಸ. ಊಟ ಮುಗಿಸಿ ಏಳೋವಾಗ್ಲೂ ಮಾಡ್ತೀವಿ, ಬಸ್ಸು ಹೊರಟ್ರೂ ಮಾಡ್ತೀವಿ. ನೀವು ಮಾಡಲ್ವಾ?"

"ಮನೇಲಿ ಮಾಡ್ತೀನಿ. ಸರ್ಕಾರಿ ಶಾಲೆ ಒಳಗೆ ಪ್ರಾರ್ಥನೆ ಕೂಟ ನಡೀಬಾರ್ದು. ಯಾರಾದ್ರೂ ಫೋನಲ್ಲಿ ಹಿಡಿದು ಮೇಲಿನವ್ರಿಗೆ ಕಳ್ಸಿದ್ರೆ ಹೋಗೋದು ನನ್ನ ಕುರ್ಚಿ, ನಿನ್ನ ಚಾಪೆ ಅಲ್ಲ."

ಬುರುಲ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನೈದು ದಿನದ ಹಿಂದೆ ಮಸೀದಿಯ ಪಕ್ಕದ ಹೆಂಗಸರ ಕೋಣೆ ಕೇಳಲು ಹೋದಾಗ ಅಲ್ಲಿಯ ಧರ್ಮಗುರು ಮೊಲ್ದೊ ಗಡ್ಡ ನೀವಿಕೊಂಡು, "ಸೂರ್ಯನಿಗೆ ಅಡ್ಡ ಬೀಳ್ತೀರಂತಲ್ಲಮ್ಮ?" ಎಂದು ನಯವಾಗಿಯೇ ಬಾಗಿಲು ತೋರಿಸಿದ್ದ. ಅಲ್ಲಿ ಪ್ರಾರ್ಥನೆ ತಪ್ಪು, ಇಲ್ಲಿ ಪ್ರಾರ್ಥನೆ ಹೆಚ್ಚು. ಅತ್ತ ದರಿ, ಇತ್ತ ಪುಲಿ.

ಸರೋವರದ ದಡದ ಆರೋಗ್ಯಧಾಮದಲ್ಲಿ ಅವಳು ಇಪ್ಪತ್ತು ವರ್ಷ ರೋಗಿಗಳಿಗೆ ವ್ಯಾಯಾಮ ಮಾಡಿಸಿದವಳು. ಯೋಗ ಕಲಿತದ್ದೂ ಅಲ್ಲಿಯೇ. ಅದು ಮುಚ್ಚಿದ ಮೇಲೆ ಊರ ಹೆಂಗಸರನ್ನು ಕಟ್ಟಿಕೊಂಡು ಬೇಸಿಗೆಯಲ್ಲಿ ಮರಳ ಮೇಲೆ ಪಾಠ ಶುರುಮಾಡಿದಳು. ಸೆಪ್ಟೆಂಬರಿನಲ್ಲಿ ಪಶ್ಚಿಮದಿಂದ ನುಗ್ಗುವ ಉಲಾನ್ ಗಾಳಿ ಎದ್ದಿತೆಂದರೆ ಮುಗಿಯಿತು. ಚಾಪೆಗಳು ಬಾತುಕೋಳಿಗಳಂತೆ ನೀರಿಗೆ ಇಳಿಯುತ್ತವೆ. ಹೋದ ವರ್ಷ ಹೀಗೆಯೇ ಜಾಗವಿಲ್ಲದೆ ಚಳಿಗಾಲಕ್ಕೆ ನಿಲ್ಲಿಸಿದಾಗ ಹದಿನಾಲ್ಕು ಜನರ ಗುಂಪು ಒಡೆದು, ವಸಂತದಲ್ಲಿ ಮೂವರೇ ಮರಳಿದ್ದರು. ಮತ್ತೆ ಬಾಗಿಲು ಬಾಗಿಲು ತಟ್ಟಿ ಹತ್ತು ಮಂದಿಯನ್ನು ಕೂಡಿಸಿದ್ದಳು. ಇನ್ನೊಮ್ಮೆ ಒಡೆದರೆ ಮತ್ತೆ ಕಟ್ಟುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮನೆಗಳಲ್ಲಿ ಮಾಡಿ ನೋಡಿರಲಿಲ್ಲವೆಂದಲ್ಲ. ಮೊದಲ ಸಲ ಗುಂಪಿನ ತಿನಾರ್ ಮನೆಯಲ್ಲಿ. ಹೊಸ್ತಿಲು ದಾಟಿದವರು ರೊಟ್ಟಿ ಮುರಿಯದೆ ಇರುವುದುಂಟೇ? ರೊಟ್ಟಿಯ ಹಿಂದೆ ಚಹಾ, ಚಹಾದ ಹಿಂದೆ ಎಣ್ಣೆಯಲ್ಲಿ ಕರಿದು ಬೆಟ್ಟದಂತೆ ಸುರಿದ ಬೋರ್ಸೋಕ್, ಅದರ ಹಿಂದೆ ಸಾರು. ಚಾಪೆ ಬಿಚ್ಚುವ ಹೊತ್ತಿಗೆ ಬಗ್ಗಲು ಯಾರಿಗೂ ಹೊಟ್ಟೆ ಬಿಡಲಿಲ್ಲ. ಮರುವಾರ ಗುಂಪಿನ ಹಿರಿಯಳು ಊಲ್ಕಾನ್ ಅಪಾಳ ಮನೆ. ಎಪ್ಪತ್ತನಾಲ್ಕರ ಆ ಮುದುಕಿ ತಿನಾರ್‌ಗಿಂತ ಕಡಿಮೆ ಬಡಿಸಿಯಾಳೇ? ಮೂರನೆಯ ವಾರ ಇನ್ನೊಬ್ಬಳು ಕುರಿಯನ್ನೇ ಕೊಯ್ಯಿಸಿದ್ದಳು. ಯೋಗಕ್ಕಾಗಿ ಕುರಿ ಕೊಯ್ದವರು ಲೋಕದಲ್ಲಿ ನಾವೇ ಮೊದಲಿರಬೇಕು ಎಂದು ಬುರುಲ್ ತಲೆ ಚಚ್ಚಿಕೊಂಡಿದ್ದಳು. ಅವಳ ಒಂಟಿ ಕೋಣೆಯಲ್ಲಂತೂ ಹನ್ನೊಂದು ಜನರ ಚಪ್ಪಲಿಗೇ ಜಾಗ ಸಾಲದು.

ಆಮೇಲೆ ಕಚ್ಕಿನ್ ಎಂಬವನು ಬಾಡಿಗೆಗೆ ಕೊಡುವ ಮದುವೆ ಛತ್ರ. ವಾರದ ನಡುವೆ ಖಾಲಿಯೇ ಬಿದ್ದಿರುತ್ತಿತ್ತು. ಪಾಠದ ಕೊನೆಗೆ ಎಲ್ಲರನ್ನೂ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಚಳಿಗೆಂದು ಕೋಟು ಹೊದಿಸಿದ್ದಳು. ಆಗಲೇ ಕಚ್ಕಿನ್‌ನ ತಾಯಿ ಒಳಗೆ ಬರಬೇಕೆ! "ಅಯ್ಯೋ, ಮದುಮಗಳು ಕೂರೋ ಜಾಗದಲ್ಲಿ ಹತ್ತು ಹೆಣ ಮಲಗ್ಸಿದೀಯಲ್ಲೇ!" ಎಂದು ಕಿರುಚಿದ ಸದ್ದಿಗೆ ಹೆಣಗಳೆಲ್ಲ ಎದ್ದು ಕೂತವು.

ಇಷ್ಟೆಲ್ಲ ಆದ ಮೇಲೆ ಶಾಲೆ ಸಿಕ್ಕಿತ್ತು. ಎರಡು ಪಾಠ ಸುಗಮವಾಗಿ ನಡೆದಿದ್ದವು. ನೆಲ ಒರೆಸುವ ಹೆಂಗಸು ಯಾರೂ ಹೇಳದಿದ್ದರೂ ಬಿಸಿನೀರಲ್ಲಿ ಒರೆಸಿಡುತ್ತಿದ್ದಳು, ಕಾಲು ತಣ್ಣಗಾಗದಿರಲಿ ಎಂದು. ಕೈಗೆ ಬಂದ ತುತ್ತು ಈಗ ಬಾಯಿಗೆ ಬರಲಿಲ್ಲ.

"ಒಂದ್ಸಲ ನೀವೇ ಬಂದು ಮಾಡಿ ನೋಡಿ, ಎಜೆ," ಎಂದಳು ಬುರುಲ್. "ಯಾರೂ ಕೈ ಎತ್ತಲ್ಲ. ಎತ್ತಿದ್ರೆ ನಾನೇ ಚಾಪೆ ಸುತ್ಕೊಂಡು ಹೊರಡ್ತೀನಿ."

ದಿಲ್ದೆ ಸೊಂಟ ಹಿಡಿದುಕೊಂಡೇ ಕುರ್ಚಿಯಿಂದ ಎದ್ದಳು. "ಗುರುವಾರ ಬರ್ತೀನಿ. ಅಷ್ಟೇ."

ಹೆಂಗಸರಿಗೆ ಇದನ್ನು ಒಪ್ಪಿಸುವುದು ದಿಲ್ದೆಯನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು.

"ಬಾತಾ ಮಾಡ್ದೆ, ಆಮೀನ್ ಅನ್ದೆ ಹೇಗೆ ಏಳೋದು?" ಎಂದಳು ಊಲ್ಕಾನ್ ಅಪಾ. "ದನ ಎದ್ದ ಹಾಗಾ?"

"ಒಂದೇ ಒಂದು ದಿನ, ಅಪಾ. ಕೈ ತೊಡೆ ಕೆಳಗೆ ಇಟ್ಕೊಳ್ಳಿ."

"ನಾನು ಗಂಡನ ಬೆಲ್ಟಲ್ಲಿ ಕೈ ಕಟ್ಟಿಸ್ಕೊಂಡೇ ಬರ್ತೀನಿ," ಎಂದಳು ತಿನಾರ್. "ಮೂವತ್ತು ವರ್ಷದಿಂದ ಅವನಿಗೂ ಅದೇ ಆಸೆ."

ಗುರುವಾರ ದಿಲ್ದೆ ಬಂದಳು. ಮೊದಲು ಬಾಗಿಲ ಬಳಿ ನಿಂತಳು, ಆಮೇಲೆ ಬೆಂಚಿನ ಮೇಲೆ ಕೂತಳು, ಕೊನೆಗೆ ಶೂ ಕಳಚಿ ಹಿಂದಿನ ಸಾಲಿಗೆ ಇಳಿದಳು. ಬುರುಲ್ ತನ್ನ ಚಾಪೆಯನ್ನು ಅವಳ ಕಡೆಗೆ ಸರಿಸಿದಳು. ಬೆಕ್ಕಿನಂತೆ ಬೆನ್ನು ಏರಿಸಿ ಇಳಿಸುವಾಗ ದಿಲ್ದೆಯ ಬಾಯಿಂದ 'ಹಾ' ಎಂಬ ಉದ್ಗಾರ ಹೊರಟಿತು. ಅಂಗಾತ ಮಲಗಿದಾಗ ಸಣ್ಣ ಗೊರಕೆಯೂ ಕೇಳಿತು. ಮುಂದಿನ ಸಾಲಿನಲ್ಲಿ ತಿನಾರ್‌ಳ ಭುಜ ನಗುವಿಗೆ ಅಲುಗಿತು. ಬುರುಲ್‌ಗೆ ಮಾತ್ರ ಎದೆಯೊಳಗೆ ಬೆಚ್ಚಗಾಯಿತು. ಸಿಕ್ಕಿತು, ಈ ಚಳಿಗಾಲಕ್ಕೆ ಜಾಗ ಸಿಕ್ಕಿತು.

ಎಲ್ಲರೂ ಎದ್ದು ಕೂತರು. ಹತ್ತು ಜನರ ಇಪ್ಪತ್ತು ಕೈಗಳು ತೊಡೆಯ ಕೆಳಗೆ. ಅಷ್ಟರಲ್ಲಿ, ನಿದ್ದೆಯ ಮಂಪರು ಇನ್ನೂ ಬಿಡದ ದಿಲ್ದೆ ಎರಡು ಅಂಗೈಗಳನ್ನು ನಿಧಾನವಾಗಿ ಮುಖದ ಮುಂದೆ ಹಿಡಿದು, "ಆಮೀನ್" ಎಂದು ಹಣೆಯಿಂದ ಗಲ್ಲದವರೆಗೆ ಸವರಿಕೊಂಡಳು.

ಇಪ್ಪತ್ತು ಕೈಗಳೂ ಒಟ್ಟಿಗೆ ಮೇಲೆದ್ದವು.

ತಿನಾರ್ ತಡೆಯಲಾರದೆ ನಕ್ಕುಬಿಟ್ಟಳು. ದಿಲ್ದೆ ನಗಲಿಲ್ಲ. ಅವಳ ಮುಖ ಕುತ್ತಿಗೆಯವರೆಗೂ ಕೆಂಪಾಯಿತು.

"ನೋಡಿದ್ಯಾ?" ಎಂದಳು ಬುರುಲ್‌ಗೆ, ಬಹಳ ಮೆಲ್ಲಗೆ. "ನನ್ನ ಕೈಯೇ ನನ್ನ ಮಾತು ಕೇಳಲ್ಲ. ಇನ್ನು ಇವರದ್ದು ಕೇಳುತ್ತಾ? ಆಗಲ್ಲ ತಂಗಿ. ನಿವೃತ್ತಿಗೆ ಎರಡು ವರ್ಷ ಇದೆ ನನಗೆ." ಹಾಗೆಂದವಳೇ ಬಗ್ಗಿ ಚಾಪೆಯನ್ನು ತಾನೇ ಸುತ್ತಿ, ಹಗ್ಗವನ್ನು ಬಿಗಿಯಾಗಿ ಕಟ್ಟಿ ಬುರುಲ್‌ಳ ಕೈಗೆ ಕೊಟ್ಟಳು. ಬೈದಿದ್ದರೆ ಜಗಳವಾಡಬಹುದಿತ್ತು.

ಹೊರಗೆ ಗೇಟಿನ ಬಳಿ ಉಲಾನ್ ಗಾಳಿ ಮಣ್ಣನ್ನು ಮುಖಕ್ಕೆ ಎರಚುತ್ತಿತ್ತು. "ನಾನು ಸುಮ್ನೆ ಇದ್ದೆ, ದಿಲ್ದೆ ಎಜೆನೇ ಶುರು ಮಾಡಿದ್ದು," ಎಂದು ಒಬ್ಬಳು ಅಂದದ್ದೇ ತಡ, ಬುರುಲ್‌ಳ ಸಹನೆಯ ಕಟ್ಟೆ ಒಡೆಯಿತು.

"ಸಾಕು! ಎಲ್ಲ ಸಾಕು! ಎರಡು ತಿಂಗಳಿಂದ ಭಿಕ್ಷುಕಿ ಹಾಗೆ ಬಾಗಿಲು ಕಾಯ್ತಾ ಇದೀನಿ. ಈ ಊರಲ್ಲಿ ಜಾಗ ಇಲ್ಲ ಅಂತಲ್ಲ. ನಿಮ್ಮ ಒಬ್ಬೊಬ್ಬರ ಮನೇಲೂ ಬೆಚ್ಚಗಿರೋ ದೊಡ್ಡ ಕೋಣೆ ಇದೆ. ಆದ್ರೆ ನನಗೆ ಅಲ್ಲಿ ಒಂದು ಗಂಟೆ ಸಿಗಲ್ಲ. ಯಾಕೆ? ತಿನ್ನಿಸ್ಬೇಕು! ಒಬ್ಬಳಿಗಿಂತ ಒಬ್ಬಳು ಹೆಚ್ಚು ತಿನ್ನಿಸ್ಬೇಕು! ನಿಮಗೆ ಬೇಕಾಗಿರೋದು ಬೆನ್ನಲ್ಲ, ಮರ್ಯಾದೆ. ಇಟ್ಕೊಳ್ಳಿ. ಏಪ್ರಿಲಲ್ಲಿ ನೋಡೋಣ."

ಊಲ್ಕಾನ್ ಅಪಾ ತಲೆವಸ್ತ್ರ ಬಿಗಿದುಕೊಂಡು ತಿರುಗಿ ನೋಡದೆ ನಡೆದಳು. ಹಿಂದಿನ ವರ್ಷ ನೀರಿನ ಬಕೆಟ್ಟು ಎತ್ತಲಾರದೆ ಬಾಗಿ ನಡೆಯುತ್ತಿದ್ದವಳು ಈಗ ಗಾಳಿಗೆ ಎದುರಾಗಿ ನೆಟ್ಟಗೆ ಹೋಗುತ್ತಿರುವುದು ಬುರುಲ್‌ಗೆ ಕಂಡಿತು. ಕಂಡು ಇನ್ನಷ್ಟು ಸಂಕಟವಾಯಿತು.

ಸೋಮವಾರ ತಿನಾರ್ ಫೋನ್ ಮಾಡಿದಳು. "ಎಜೆ, ನಾಳೆ ಐದಕ್ಕೆ ಊಲ್ಕಾನ್ ಅಪಾ ಮನೇಗೆ ಬರ್ಬೇಕಂತೆ. ಚಾಪೆ ತರ್ಬೇಕಂತೆ."

"ಕುರಿನಾ, ಕುದುರೇನಾ ಈ ಸಲ?"

"ನಂಗೊತ್ತಿಲ್ಲಪ್ಪ. ನನ್ನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ."

ಹಿರಿಯಳ ಕರೆ, ಹೋಗದಿರಲಾಗದು. ಕ್ಷಮೆ ಕೇಳಿ, ಎರಡು ತುತ್ತು ತಿಂದು ಬಂದರಾಯಿತು ಎಂದುಕೊಂಡು ಬುರುಲ್ ಹೊರಟಳು. ಅಂಗಳಕ್ಕೆ ಕಾಲಿಟ್ಟವಳು ನಿಂತುಬಿಟ್ಟಳು. ಆ ಮನೆಯ ಉದ್ದನೆಯ ಊಟದ ಮೇಜು ಕೊಟ್ಟಿಗೆಯ ಗೋಡೆಗೆ ಒರಗಿ ಗಾಳಿಯಲ್ಲಿ ನಿಂತಿತ್ತು. ಬೇಲಿಯಾಚೆಯಿಂದ ನೆರೆಯವಳು ಕತ್ತು ಚಾಚಿ ಕೇಳುತ್ತಿದ್ದಳು, "ಏನಾಯ್ತು ಊಲ್ಕಾನ್, ಮೇಜು ಯಾಕೆ ಹೊರಗೆ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ. ಮೇಜಿಗೆ ಸೆಖೆ ಆಗ್ತಿತ್ತು," ಎಂದಳು ಊಲ್ಕಾನ್ ಅಪಾ.

ಒಳಗೆ ಒಲೆ ಉರಿಯುತ್ತಿತ್ತು. ಜಮಖಾನೆ ಗುಡಿಸಿತ್ತು. ಗೋಡೆಯಿಂದ ಗೋಡೆಗೆ ಬರಿದು. ಚಹಾದ ಬಟ್ಟಲಿಲ್ಲ, ಸಕ್ಕರೆಯಿಲ್ಲ, ಮುರಿಯಲು ಒಂದು ಚೂರು ರೊಟ್ಟಿಯೂ ಇಲ್ಲ. ಬಂದವರೆಲ್ಲ ಕಳ್ಳರಂತೆ ಬಾಗಿಲಲ್ಲೇ ತಡವರಿಸಿದರು. ಐವತ್ತು ವರ್ಷದಲ್ಲಿ ಆ ಮನೆಗೆ ಬಂದ ಅಂಚೆಯವನೂ ಬರಿ ಬಾಯಲ್ಲಿ ಹೋದದ್ದಿಲ್ಲ. ಊಲ್ಕಾನ್ ಅಪಾ ಯಾರ ಮುಖವನ್ನೂ ನೋಡದೆ ಕಿಟಕಿಯ ಬಳಿ ತನ್ನ ಚಾಪೆ ಹಾಸಿ ಕೂತಿದ್ದಳು. ಕಿವಿ ಕೆಂಪಾಗಿತ್ತು.

"ಇನ್ನೇನು ನೋಡ್ತಾ ನಿಂತಿದೀಯ?" ಎಂದಳು. "ಒಂದು ಗಂಟೆ ತಾನೇ ಕೇಳಿದ್ದು?"

ಬುರುಲ್ ಪಾಠ ಶುರುಮಾಡಿದಳು. ಕೊನೆಗೆ ಎಲ್ಲರೂ ಕೈ ಎತ್ತಿ ಆಮೀನ್ ಎಂದರು. ತಡೆಯುವವರು ಯಾರೂ ಇರಲಿಲ್ಲ. ಮುಂದಿನ ಮಂಗಳವಾರ ತನ್ನ ಮನೆ ಎಂದಳು ತಿನಾರ್. "ನನ್ನ ಮೇಜು ಬಾಗಿಲಲ್ಲಿ ಹಿಡಿಯಲ್ಲ, ಗಂಡನ್ನ ಹೊರಗೆ ಹಾಕ್ತೀನಿ."

ಒಬ್ಬೊಬ್ಬರಾಗಿ ಹೊರಟರು. ಬುರುಲ್ ಕೊನೆಯವಳು. ಗುರುವಾರ ಆಡಿದ ಮಾತಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಊಲ್ಕಾನ್ ಅಪಾ ಅಂಗಳದ ಮೂಲೆಯ ಬೇಸಿಗೆ ಅಡುಗೆಮನೆಗೆ ಹೋಗಿ ಬಂದಿದ್ದಳು. ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿದ ಬಟ್ಟಲು. ಗಂಟಿನ ಸಂದಿಯಿಂದ ಹಬೆ ಏಳುತ್ತಿತ್ತು, ಬೇಯಿಸಿದ ಕುಂಬಳಕಾಯಿಯದು, ಈರುಳ್ಳಿಯದು. ಮುದುಕಿ ಅದನ್ನು ಬುರುಲ್‌ಳ ತೋಳಿನಲ್ಲಿದ್ದ ಚಾಪೆಯ ಸುರುಳಿಯ ಮೇಲೆ ಇಟ್ಟು, ಅವಳ ಒಂದು ಕೈ ಹಿಡಿದು ಬಟ್ಟಲಿನ ಮೇಲಿರಿಸಿ, ಬಾಗಿಲು ತೆರೆದು ಹಿಡಿದಳು.