ಗುಂಡಿ ಒತ್ತಿ ಹಿಡಿದವರು

"ಸಿಸ್ಟ್ರಮ್ಮ, ಎಲ್ಲೊತ್ಬೇಕು ತೋರ್ಸಿ," ಎನ್ನುತ್ತ ಅಕ್ಕಿ ಗಿರಣಿಯ ಅಡವಿಯಪ್ಪ ಆಸ್ಪತ್ರೆಯ ಕಿಟಕಿಯಿಂದ ಹೊರಗೆಳೆದ ವೈರ್‌ಲೆಸ್ಸಿನ ಮೈಕನ್ನು ಬಾಯಿಗೆ ಹಿಡಿದ.

"ಈ ಗುಂಡಿ ಒತ್ತಿ ಮಾತಾಡಿ," ಎಂದಳು ನರ್ಸ್ ಉಮಾಮಹೇಶ್ವರಿ. "ಬಿಟ್ರೆ ಆ ಕಡೆಯೋರ ಮಾತು ಕೇಳುತ್ತೆ. ಒತ್ಕೊಂಡೇ ಇದ್ರೆ ಯಾರ್ದೂ ಕೇಳಲ್ಲ."

"ನಾವು ಹೇಳೋದು ಅವ್ರಿಗೆ ಕೇಳುದ್ರೆ ಸಾಕು ಬುಡಮ್ಮ. ಅವ್ರುದೇನೈತೆ ಕೇಳೋಕೆ?"

ಶಾಮಿಯಾನದಡಿ ನಗೆ ಉಕ್ಕಿತು. ನಗದೆ ಏನು? ಅಲ್ಲಿ ಕೂತವರೆಲ್ಲ ದಾನಿಗಳು, ದಾನಿಗಳ ಭಾವಮೈದುನರು.

ಮೊಬೈಲೆಂಬುದನ್ನು ಗುಬ್ಬಿಯಲ್ಲಿ ಯಾರೂ ಕಣ್ಣಿಂದ ಕಾಣದ ಕಾಲ. ಟ್ರಸ್ಟಿನ ಹೆರಿಗೆ ಆಸ್ಪತ್ರೆಗಳು ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು. ಎರಡಕ್ಕೂ ಸೇರಿ ಇದ್ದ ಒಂದೇ ಆಂಬುಲೆನ್ಸು ತುಮಕೂರಿನಲ್ಲಿ ನಿಲ್ಲುತ್ತಿತ್ತು. ನಾಲ್ಕು ಹನಿ ಬಿದ್ದರೆ ಫೋನು ಸಾಯುತ್ತಿತ್ತು. ಹೋದ ಮಳೆಗಾಲ ಫೋನಿನ ಜೊತೆಗೆ ಒಬ್ಬ ಬಾಣಂತಿಯೂ ಸತ್ತ ಮೇಲೆ ಉಮಾ ವೈರ್‌ಲೆಸ್ಸಿಗಾಗಿ ಮನೆಮನೆ ಅಲೆದಿದ್ದಳು. ಎಲ್ಲರದೂ ಒಂದೇ ಕೊಂಕು: ಗಾಳೀಲಿ ಹೋಗೋ ಮಾತಿನ ಮೇಲೆ ಹೆಸರು ಎಲ್ಲಿ ಕೆತ್ತಿಸೋದು? ಕಥೆಯ ರಾಕ್ಷಸರು ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿ ಬಚ್ಚಿಟ್ಟರೆ ಈ ಮಹಾನುಭಾವರು ಹೆಸರಿನಲ್ಲಿ ಇಟ್ಟಿದ್ದರು. ಕೊನೆಗೆ ಒಪ್ಪಂದವಾಯಿತು. ಎರಡೂ ಆಸ್ಪತ್ರೆಗೆ, ಗಾಡಿಗೆ ಒಂದೊಂದು ವೈರ್‌ಲೆಸ್ ಪೆಟ್ಟಿಗೆ. ಉದ್ಘಾಟನೆಯ ದಿನ ಪ್ರತಿಯೊಬ್ಬ ದಾನಿಯೂ ತನ್ನ ಹೆಸರನ್ನು ತಾನೇ ವೈರ್‌ಲೆಸ್ಸಿನಲ್ಲಿ ಸಾರುವುದು. ಆಂಬುಲೆನ್ಸು ಪೂಜೆಗೆ ಗುಬ್ಬಿಗೆ ಬರುವುದು. ಉಮಾ ಹಲ್ಲು ಕಚ್ಚಿಕೊಂಡು ಹೂಂ ಎಂದಿದ್ದಳು.

ಅಡವಿಯಪ್ಪ ತಾತನಿಂದ ಶುರುಮಾಡಿ ಮೊಮ್ಮಗನ ನಾಮಕರಣದವರೆಗೆ ಬಂದು ಗುಂಡಿ ಬಿಟ್ಟ. ಪೆಟ್ಟಿಗೆ ಕರಕರ ಎಂದಿತು. "...ಉಮಕ್ಕ, ರಕ್ತ..." ಕುಣಿಗಲ್ ಆಸ್ಪತ್ರೆಯ ನರ್ಸ್ ಅನುಪಮಾಳ ದನಿ.

"ಉತ್ರ ಬಂತು ಕಣ್ರಲಾ!" ಎಂದು ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಜವಳಿ ಅಂಗಡಿಯ ವೆಂಕಟರಂಗಯ್ಯ ಮೈಕು ಕಿತ್ತುಕೊಂಡು ಗುಂಡಿ ಅದುಮಿದ. ದನಿ ಕತ್ತರಿಸಿಹೋಯಿತು.

"ಬಿಡಿ ಯಜಮಾನ್ರೆ! ಅಲ್ಲಿ ಯಾರಿಗೋ ಏನೋ ಆಗಿದೆ!"

"ತಡಿಯಮ್ಮ, ಅಳಿಯಂದಿರ ಹೆಸ್ರು ಬಾಕಿ ಅವೆ."

ಉಂಗುರ ತೊಟ್ಟ ಅವನ ಹೆಬ್ಬೆರಳನ್ನು ಉಮಾ ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಮಡಚಿದಳು.

"ಅಯ್ಯಯ್ಯೋ! ಹೆಣ್ಣೆಂಗ್ಸು ಕೈಯ್ಗೇ ಬರ್ತಾಳಲ್ರಪ್ಪ!"

"ಹೇಳು ಅನು," ಎಂದು ಉಮಾ ಗುಂಡಿ ಬಿಟ್ಟಳು.

"ಆಗ್ಲಿಂದ ಕೂಗ್ತಿದೀನಿ ಉಮಕ್ಕ, ಯಾರೋ ವಂಶ ಓದ್ತಾವ್ರೆ. ಹೆರಿಗೆ ಆಯ್ತು, ರಕ್ತ ನಿಲ್ತಿಲ್ಲ. ತುಮಕೂರಿಗೆ ಸಾಗಿಸ್ಬೇಕು. ಗಾಡಿ ಎಲ್ಲಿದೆ?"

ಗಾಡಿ ಗೇಟಿನ ಮುಂದೆ, ಎರಡೂ ಕಡೆ ಬಾಳೆಕಂದು ಕಟ್ಟಿಸಿಕೊಂಡು ಮದುಮಗನಂತೆ ನಿಂತಿತ್ತು.

"ಗುಬ್ಬೀಲಿದೆ."

"ಗುಬ್ಬೀಲ್ಯಾಕೆ?"

ಡ್ರೈವರ್ ಕನಕರಾಜು ಆಗಲೇ ಗಾಜಿನ ಮೇಲಿನ ಹಾರ ಕಿತ್ತೆಸೆದು ಒಳಗೆ ಹಾರಿದ್ದ.

"ಲೇ ಲೇ, ಚಕ್ರದಡಿ ನಿಂಬೆಹಣ್ಣು ಇಟ್ಟಿಲ್ಲ ಕಣ್ಲಾ!" ಎಂದು ಅಡವಿಯಪ್ಪ ಅಡ್ಡ ಬಂದ.

"ಪಾನಕ ಮಾಡ್ಕೊಂಡು ಕುಡೀರಿ ಯಜಮಾನ್ರೆ, ಬಿಸ್ಲು ಜಾಸ್ತಿ ಐತೆ."

ಬಾಳೆಕಂದು ನೆಲಕ್ಕೆ ಸವರಿಕೊಂಡು ಗಾಡಿ ಓಡಿತು.

ದಾನಿಗಳು ಉಳಿದ ಹೆಸರುಗಳನ್ನು ಶಾಮಿಯಾನದ ಮೈಕಿನಲ್ಲಿ ಓದಿ ಮುಗಿಸಿದರು. ಒಬ್ಬರದೂ ತಪ್ಪಲಿಲ್ಲ. ಅನ್ನ ಆರುತ್ತದೆಂದು ಎಲೆಯ ಮುಂದೆ ಕೂತರು. ಉಮಾ ಆಸ್ಪತ್ರೆಯೊಳಗೆ, ಕಿಟಕಿಯ ಬಳಿಯ ಪೆಟ್ಟಿಗೆಗೆ ಕಿವಿಯಿಟ್ಟು ನಿಂತಿದ್ದಳು. ಹೊರಗೆ ಹೋಳಿಗೆಗೆ ತುಪ್ಪ ಸಾಲದೆಂದು ತಕರಾರು ನಡೆದಿತ್ತು.

"ಅನುಪಮಾ ಸಿಸ್ಟರ್, ಹೆಬ್ಬೂರು ದಾಟ್ದೆ," ಕನಕರಾಜುವಿನ ದನಿ ಬಂತು. "ಕೇಳ್ತೈತಾ? ಬಂದೆ, ಬಂದ್ಬುಟ್ಟೆ."

ಕುಣಿಗಲ್ ಮಾತಾಡಲಿಲ್ಲ.

"ಸಿಸ್ಟರ್? ಅನುಪಮಾ ಸಿಸ್ಟರ್?"

ಉಮಾ ಪೆಟ್ಟಿಗೆಯ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದಳು. ಸೊಯ್ ಎಂಬ ಬರಿಯ ಸದ್ದು ಕಿಟಕಿ ದಾಟಿ ಎಲೆಗಳ ಸಾಲಿನ ಮೇಲೆಲ್ಲ ಹರಡಿತು. ಪಾಯಸ ಬಡಿಸುತ್ತಿದ್ದವನು ಎತ್ತಿದ ಸೌಟನ್ನು ಹಾಗೆಯೇ ಹಿಡಿದು ನಿಂತ. ಅಡವಿಯಪ್ಪ ತಲೆ ಎತ್ತದೆ, ತನ್ನ ಎಲೆಯ ಖಾಲಿ ಜಾಗವನ್ನು ತೋರುಬೆರಳಿನಿಂದ ತೋರಿಸಿದ.